ಎರಡು ಫೂಟಿನ ಮೀನು

ವಿದ್ಯಾಗಿರಿಯ ಹಲ್ಲಿನ ಡಾಕ್ಟರು ದವಾಖಾನಿ ಮುಚ್ಚಿದರು.
ಬಾಗಿಲ ಹಂತ್ಯಾಕಿದ್ದ ನಾಲ್ಕು ಫೂಟಿನ ಗಾಜಿನ ತೊಟ್ಟಿ
ಕಬ್ಬಿಣದ ಸ್ಟ್ಯಾಂಡ್ ಸಹಿತ ಎರಡೂವರೆ ಸಾವಿರಕ್ಕ ಕೊಟ್ಟರು.
ಒಂದು ಮೂಲಿ ಸೋರತಿತ್ತು, ಅದಕ್ಕ ಅಷ್ಟು ಸೋವಿ.
ಬ್ಲೇಡಿಲೆ ಹಳೆ ಸಿಲಿಕಾನ್ ಕೆರೆದು, ಹೊಸಾದು ಹಚ್ಚಿ
ಎಂಟು ದಿನ ನೀರು ತುಂಬಿ ಅಂಗಳದಾಗ ಇಟ್ಟೆ.
ದಿನಾ ಮುಂಜಾನೆ ಕೆಳಗಿನ ಪೇಪರು ಮುಟ್ಟಿ ನೋಡೂದು,
ಕೂಸಿನ ಹಾಸಿಗಿ ಮುಟ್ಟಿ ನೋಡಿದಂಗ.

ಎಷ್ಟಾತು ಅಂತ ಶಶಿರೇಖಾ ಕೇಳಲಿಲ್ಲ.
ಕೇಳಲಾರದ್ದ ಅಕಿ ಲೆಕ್ಕ.
ನಾನ ಹೇಳಿದೆ: ಲೈಟು ನಾನ ಕಟ್ಟೀನಿ,
ಕೆಟ್ಟ ಯುಪಿಎಸ್ಸಿನ ತಗಡಿಗೆ ನೀಲಿ ಎಲ್‌ಇಡಿ ಬೆಸೆದು.
ಹಳೆ ಎರಡು ಫೂಟಿನ ತೊಟ್ಟಿ ಸ್ಟ್ಯಾಂಡಿನ ಕೆಳಗ ಹೋಗತೈತಿ,
ನೀರು ಸೋಸಾಕ. ಒಗಿಯೂದಿಲ್ಲ.
ಸಮುದ್ರದ ನೀರು ಕಾರವಾರದ್ದು,
ಮೀನಿನ ಗಾಡಿ ಇಮಾಮಸಾಬ ಎಂಟು ಕ್ಯಾನು ತಂದಾನ.
ರೊಕ್ಕ ಬ್ಯಾಡಂದ. ಅವನ ಮನಿ ಇನ್ವರ್ಟರಿನ ಬ್ಯಾಟರಿಗೆ
ನೀರು ಹಾಕಿ ಕೊಟ್ಟೀನಿ. ನೀರಿಗೆ ನೀರು.
ಅಕಿ ನಕ್ಕಳೋ ಇಲ್ಲೋ,
ರೊಟ್ಟಿ ಬಡಿಯೂ ಸಪ್ಪಳದಾಗ ಗೊತ್ತಾಗಲಿಲ್ಲ.

ಹವಳ ಬೆಳಿಯಾಕ ಸುಣ್ಣ ಬೇಕು.
ತಯಾರಿದ್ದ ಬಾಟಲಿಗೆ ಹದಿನೆಂಟುನೂರು ಅಂತಾರ.
ನಾವು ಸುಣಗಾರರು.
ಹಳೆ ಬಾಗಲಕೋಟಿ ಹೊಳಿದಂಡಿಗೆ ಭಟ್ಟಿ ಹಾಕಿ
ಕಲ್ಲು ಸುಟ್ಟು, ಓಣಿ ಓಣಿ ಗೋಡಿಗೆ
ಬೆಳಕು ಬಳದಾಂವ ನಮ್ಮ ಮುತ್ಯಾ.
ಆ ಭಟ್ಟಿ, ಆ ಗೋಡಿ, ಎಲ್ಲಾ ಈಗ ಹಿನ್ನೀರಿನ ತಳದಾಗ.
ಸಲಾಯಿನ್ ನಳಿಗೀಲೆ ಸುಣ್ಣದ ತಿಳಿ ಬಿಡತೀನಿ ನಾನು,
ಮೂರು ಸೆಕೆಂಡಿಗೊಂದು ಹನಿ, ರಾತ್ರಿಯೆಲ್ಲಾ.
ಸುಟ್ಟ ಕಲ್ಲು ನೀರಾಗಿ, ನೀರೊಳಗ
ಮತ್ತ ಕಲ್ಲಾಗತೈತಿ, ಕೈ ಮುಟ್ಟಲಾರದ.

ಆಯಿತವಾರ ಸಾಗಿಸಿದಿವಿ.
ಬಕೀಟು, ಬುಟ್ಟಿ, ಕಡೀಕ ಜೋಳದ ಹಿಟ್ಟಿನ ಡಬ್ಬಿ
(ಅದಕ್ಕ ಮಾತ್ರ ಬೈಸಿಕೊಂಡೆ).
ಹವಳದ ಬಂಡಿ ಒಂದೊಂದ ಎತ್ತಿಟ್ಟೆ, ಉಸಿರು ಹಿಡದು.
ಕಡೀಕ ಕಿತ್ತಳೆ ಬಣ್ಣದ ಮೀನು.
ಮಗಳು ಅದನ್ನ ಬೂಂದಿ ಅಂತಾಳ.
ಬಿಟ್ಟೆ.
ಎರಡು ಫೂಟು ಈಜಿತು, ತಿರುಗಿತು.
ಮತ್ತ ಎರಡು ಫೂಟು, ಮತ್ತ ತಿರುಗಿತು.
ಅಲ್ಲಿ ಗಾಜಿರಲಿಲ್ಲ. ನೀರಿತ್ತು.

ನಾಲ್ಕು ದಿನ. ಹತ್ತು ದಿನ.
ಅದು ತಿರುಗೂ ಜಾಗಕ್ಕ ಮಗಳು
ಸ್ಕೆಚ್ ಪೆನ್ನಿಲೆ ಗಾಜಿನ ಮ್ಯಾಲೆ ಗೀಟೆಳೆದಳು.
ಬೂಂದಿ ಗೀಟು ದಾಟಲಿಲ್ಲ.
ಅತ್ತಾಗಿನ ಅರ್ಧ ಸಮುದ್ರಕ್ಕ ನಾನು ಸುಮ್ಮ
ಬಿಲ್ಲು ತುಂಬಾಕ ಹತ್ತಿದ್ದೆ.

ನವನಗರಕ್ಕ ಬಂದಾಗ ನನಗ ಒಂಬತ್ತು ವರ್ಷ.
ಆಯಿಗೆ ಕಣ್ಣು ಮಂಜು, ಹೆಜ್ಜಿ ಎಣಿಸಿ ನಡಿಯಾಕಿ.
ಹಳೆ ಮನ್ಯಾಗ ಒಲಿಯಿಂದ ಬಚ್ಚಲಕ್ಕ ಹನ್ನೊಂದು.
ಹೊಸಾ ಮನಿ ದೊಡ್ಡದು.
ಹನ್ನೊಂದು ಮುಗಿಸಿ ನಡುಮನ್ಯಾಗ ನಿಂತು
ಕೈಯಾಗ ತಂಬಿಗಿ ಹಿಡಕೊಂಡು ಕೇಳತಿದ್ದಳು:
"ಬಚ್ಚಲ ಯಾರು ಒಯ್ದರೋ?"
ನಾವು ಹುಡುಗರು ಹೊಟ್ಟಿ ಹಿಡಕೊಂಡು ನಕ್ಕಿದಿವಿ.
ಎಷ್ಟನೇ ದಿನಕ್ಕ ಹನ್ನೆರಡನೇ ಹೆಜ್ಜಿ ಇಟ್ಟಳು,
ಯಾರೂ ನೋಡಿಲ್ಲ.

ನಿನ್ನೆ ರಾತ್ರಿ ಕರೆಂಟು ಹೋತು.
ಇನ್ವರ್ಟರಿಗೆ ತೊಟ್ಟಿ ಪಂಪು ಒಂದ ಕೊಟ್ಟೀನಿ, ಫ್ಯಾನಿಲ್ಲ.
ಕುದಿಗೆ ಶಶಿರೇಖಾ ಎದ್ದು ಬಂದು ಬಾಜೂಕ ಕುಂತಳು.
"ನಿಮ್ಮ ಮೀನಿಗಿದ್ದ ಗಾಳಿ ನಮಗಿಲ್ಲ ನೋಡ್ರಿ" ಅಂದಳು.
ಸೆರಗಿಲೆ ಬೀಸಿಕೊಂಡಳು, ಒಂದೆರಡು ಸರ್ತಿ ನನಗೂ.
ಕತ್ತಲದಾಗ ಸುಣ್ಣದ ಹನಿ ಬೀಳತಿತ್ತು.
ಗೀಟಿನ ಆಚೆ ಏನೋ ಸಣ್ಣಗ
ನೀರು ಹೊಳ್ಳಿದಂಗಾತು.
"ಬ್ಯಾಟರಿ ಹಾಕಲೇನು?" ಅಂದಳು.
ಬ್ಯಾಡ, ಅಂದೆ.
ಇಬ್ಬರೂ ಉಸಿರು ಸಣ್ಣ ಮಾಡಿ ಕುಂತಿವಿ.